ಹನಿ ಎಣಿಸಿ ಡ್ರಾಪ್ಸ್ ಖರ್ಚು ಇಳಿಸಿದ ಬಗೆ

ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ) ಕೊಡುವ ಲ್ಯಾಟಾನೊಪ್ರಾಸ್ಟ್ ಎಂಬ ಡ್ರಾಪ್ಸ್‌ನ ಬಾಟಲಿ ಸಾಮಾನ್ಯವಾಗಿ 2.5 ಎಂಎಲ್. ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಿಕೊಂಡರೆ ಹೆಚ್ಚುಕಮ್ಮಿ ಒಂದು ತಿಂಗಳು ಬರಬೇಕು. ಇಪ್ಪತ್ತನೇ ದಿನಕ್ಕೇ ಹನಿಯ ಬದಲು ಗಾಳಿ ಬರತೊಡಗಿದರೆ ಔಷಧ ಕಣ್ಣಿಗಿಂತ ಕೆನ್ನೆಗೆ ಹೆಚ್ಚು ಹೋಗುತ್ತಿದೆ ಅಂತಲೇ ಲೆಕ್ಕ. ಅಗ್ಗದ ಕಂಪನಿ ಹುಡುಕುವ ಮೊದಲು ನಾನು ಸರಿಮಾಡಿಕೊಂಡದ್ದು ಈ ಸೋರಿಕೆಯನ್ನು.

ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ (ಸಾವಿರ ಮೈಕ್ರೋಲೀಟರ್ ಸೇರಿದರೆ ಒಂದು ಎಂಎಲ್). ರೆಪ್ಪೆಯ ಒಳಗೆ ನಿಲ್ಲುವುದು ಹೆಚ್ಚೆಂದರೆ 30 ಮೈಕ್ರೋಲೀಟರ್. ಅಂದರೆ ಒಂದೇ ಹನಿಗೂ ಅಲ್ಲಿ ಪೂರ್ತಿ ಜಾಗವಿಲ್ಲ. ‘ಇರಲಿ, ಇನ್ನೊಂದು’ ಎಂದು ಹಾಕುವ ಎರಡನೇ ಹನಿ ಇಡೀ ಹೊರಗೇ ಹೋಗುತ್ತದೆ, ಹೋಗುವಾಗ ಮೊದಲನೆಯದನ್ನೂ ಕರೆದುಕೊಂಡು ಹೋಗುತ್ತದೆ. ಹಾಕಿದ ಮೇಲೆ ಕೆನ್ನೆ ಸ್ವಲ್ಪ ಒದ್ದೆಯಾದರೆ ಗಾಬರಿಯಾಗಿ ಮತ್ತೆ ಹಾಕಬೇಕಿಲ್ಲ.

ನಾನು ಹಾಕಿಕೊಳ್ಳುವ ಕ್ರಮ ಹೀಗೆ. ಕೈ ತೊಳೆದು, ದಿಂಬಿಲ್ಲದೆ ಅಂಗಾತ ಮಲಗುತ್ತೇನೆ. ಕುಳಿತು ತಲೆ ಹಿಂದಕ್ಕೆ ವಾಲಿಸಿದರೂ ಆಗುತ್ತದೆ, ಆದರೆ ಮಲಗಿದಾಗ ಗುರಿ ತಪ್ಪುವುದು ಕಡಿಮೆ. ಎಡಗೈ ತೋರುಬೆರಳಿಂದ ಕೆಳರೆಪ್ಪೆ ಎಳೆದರೆ ಸಣ್ಣ ಜೇಬಿನಂಥ ಜಾಗ ತೆರೆದುಕೊಳ್ಳುತ್ತದೆ. ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರುತ್ತೇನೆ. ಕೈ ನಡುಗುವವರಿಗೆ ಇದೊಂದರಿಂದಲೇ ಅರ್ಧ ತೊಂದರೆ ಹೋಗುತ್ತದೆ. ಬಾಟಲಿಯ ತುದಿ ಕಣ್ಣಿನಿಂದ ಎರಡು ಸೆಂಟಿಮೀಟರ್ ಮೇಲಿರಬೇಕು. ರೆಪ್ಪೆಗೋ ಕೂದಲಿಗೋ ತಾಗಿದರೆ ಸೋಂಕು ಬಾಟಲಿಗೆ ಹತ್ತಿ, ಇಡೀ ಬಾಟಲಿ ಎಸೆಯಬೇಕಾಗಬಹುದು. ದೃಷ್ಟಿ ಮೇಲಕ್ಕೆ, ಒಂದು ಸಲ ಮೆಲ್ಲಗೆ ಒತ್ತಿ, ಹನಿ ಬಿದ್ದ ಕೂಡಲೇ ಬೆರಳು ಸಡಿಲ.

ಆಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿ ಎರಡು ನಿಮಿಷ ಹಾಗೇ ಇರಬೇಕು. ಕಣ್ಣೀರಿನ ನಾಳ ಅಲ್ಲೇ ಶುರುವಾಗುವುದು. ರೆಪ್ಪೆ ಬಡಿದಾಗಲೆಲ್ಲ ಔಷಧ ಆ ದಾರಿಯಲ್ಲಿ ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ಹಾಕಿದ ಮೇಲೆ ಬಾಯಿ ಕಹಿಯಾಗುವುದು ಇದರಿಂದಲೇ. ದುಡ್ಡು ದಂಡವಾಗುವುದಷ್ಟೇ ಅಲ್ಲ, ಗ್ಲಾಕೋಮಾಕ್ಕೇ ಕೊಡುವ ಟಿಮೊಲಾಲ್‌ನಂಥದ್ದು ಹೀಗೆ ರಕ್ತಕ್ಕೆ ಸೇರಿದರೆ ನಾಡಿ ಬಡಿತ ನಿಧಾನವಾಗಬಹುದು, ಆಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡುತ್ತೇನೆ. ಬೆನ್ನುಬೆನ್ನಿಗೆ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಪ್ರೆಡ್ನಿಸೊಲೋನ್ ಅಸಿಟೇಟ್, ಬ್ರಿನ್ಜೊಲಮೈಡ್‌ನಂಥ ಡ್ರಾಪ್ಸ್ ನೀರಿನಲ್ಲಿ ಕಲಕಿದ ಪುಡಿಯಂತಿರುತ್ತವೆ, ಔಷಧ ತಳಕ್ಕೆ ಕೂರುತ್ತದೆ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸದಿದ್ದರೆ ಕೆಲವು ದಿನ ತೆಳ್ಳನೆಯ ನೀರು, ಕೆಲವು ದಿನ ಗಟ್ಟಿ ಔಷಧ.

ಇನ್ನು ಲೆಕ್ಕ. ಬಾಟಲಿ ತೆರೆದ ದಿನಾಂಕವನ್ನು ಲೇಬಲ್ ಮೇಲೆ ಪೆನ್ನಿನಿಂದ ಬರೆಯುತ್ತೇನೆ, ಮುಗಿದ ದಿನವನ್ನು ಪುಸ್ತಕದಲ್ಲಿ. ಕೊಟ್ಟ ಹಣವನ್ನು ನಡುವಿನ ದಿನಗಳಿಂದ ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. ಎರಡು ಕಂಪನಿಗಳನ್ನು ಹೋಲಿಸಲು ನನಗೆ ಬೇರೆ ಅಳತೆ ಬೇಡ. ಯಾಕೆಂದರೆ ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ. 2.5 ಎಂಎಲ್‌ನಲ್ಲಿ 30 ಮೈಕ್ರೋಲೀಟರ್‌ನ ಹನಿಯಾದರೆ 83 ಬರುತ್ತವೆ, 50ರದ್ದಾದರೆ ಬರೇ 50. ದಿನಕ್ಕೆ ಎರಡು ಹನಿಯಂತೆ ಮೊದಲನೆಯದು 41 ದಿನ, ಎರಡನೆಯದು 25 ದಿನ. ಕಡಿಮೆ ಬೆಲೆಯ ಬಾಟಲಿ ಕೊನೆಗೆ ದುಬಾರಿಯಾಗುವುದು ಹೀಗೆ. ಮೆದು ಪ್ಲಾಸ್ಟಿಕ್ಕಿನದು ಒತ್ತಿದ ಕೂಡಲೇ ಎರಡು ಮೂರು ಹನಿ ಸುರಿಸಿಬಿಡುತ್ತದೆ, ಅದೂ ಲೆಕ್ಕದಲ್ಲಿ ಕಾಣುತ್ತದೆ.

ದೊಡ್ಡ ಪ್ಯಾಕ್ ತಗೊಂಡರೆ ಉಳಿತಾಯ ಎಂಬುದನ್ನೂ ಪರೀಕ್ಷಿಸಿ ನಂಬಬೇಕು. ತೆರೆದ ಬಾಟಲಿಯನ್ನು ಎಷ್ಟು ದಿನ ಬಳಸಬಹುದೆಂದು ಲೇಬಲ್ ಹೇಳುತ್ತದೆ. ಬಹಳಷ್ಟಕ್ಕೆ ಅದು 28 ದಿನ. ದಿನಕ್ಕೆ ನಾಲ್ಕು ಹನಿ ಹಾಕುವವರಿಗೆ 40 ಮೈಕ್ರೋಲೀಟರ್‌ನ ಹನಿಯಲ್ಲಿ 5 ಎಂಎಲ್ ಸುಮಾರು 31 ದಿನಕ್ಕಾಗುತ್ತದೆ, ಕೊನೆಗೆ ಎಸೆಯುವುದು ಸ್ವಲ್ಪವೇ. ಅದೇ ಔಷಧದ 10 ಎಂಎಲ್ ತಂದರೆ ಅರ್ಧಕ್ಕಿಂತ ಹೆಚ್ಚು ಚರಂಡಿಗೆ. ಒಂದೇ ಕಣ್ಣಿಗೆ ಹಾಕುವವರಂತೂ ಸಿಗುವುದರಲ್ಲಿ ಚಿಕ್ಕ ಬಾಟಲಿ ಕೇಳಬೇಕು. ತೆರೆಯದ ಲ್ಯಾಟಾನೊಪ್ರಾಸ್ಟನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮೂರು ತಿಂಗಳದ್ದು ಒಟ್ಟಿಗೆ ತರುವವರು ಫ್ರಿಜ್‌ನಲ್ಲಿ ಜಾಗ ನೋಡಿಕೊಂಡೇ ತರಲಿ, ಫ್ರೀಜರ್‌ನಲ್ಲಿ ಮಾತ್ರ ಬೇಡ. ಫ್ರಿಜ್‌ನಲ್ಲಿಡುವುದರಿಂದ ಇನ್ನೊಂದು ಲಾಭ: ತಣ್ಣಗಿನ ಹನಿ ಕಣ್ಣಿಗೆ ಬಿದ್ದದ್ದು ಗೊತ್ತಾಗುತ್ತದೆ, ಅನುಮಾನದಿಂದ ಇನ್ನೊಂದು ಹಾಕುವುದು ತಪ್ಪುತ್ತದೆ.

ಕಣ್ಣಿನ ಡಾಕ್ಟರ ಹತ್ತಿರ ಖರ್ಚಿನ ಮಾತನ್ನು ನೇರವಾಗಿ ಎತ್ತುತ್ತೇನೆ. ಬಾಗಿಲ ಹತ್ತಿರ ಬಂದಮೇಲೆ ತಡವರಿಸಿ ಕೇಳಿದರೆ ಅವರಿಗೂ ಯೋಚಿಸಲು ಹೊತ್ತಿರುವುದಿಲ್ಲ. ಚೀಟಿಯಲ್ಲಿ ಔಷಧದ ಮೂಲ ಹೆಸರು ಮತ್ತು ಶೇಕಡಾ ಪ್ರಮಾಣ ಎರಡೂ ಇರಲಿ ಎಂದು ಕೇಳುವುದು ಮೊದಲನೆಯದು. ಟಿಮೊಲಾಲ್ 0.25 ಬೇರೆ, 0.5 ಬೇರೆ, ಜೆನೆರಿಕ್ ಕೊಳ್ಳುವಾಗ ಅಂಗಡಿಯಲ್ಲಿ ಅದಲುಬದಲಾಗುವುದು ಇಲ್ಲೇ. ಕಂಪನಿ ಬದಲಾಯಿಸಿದರೆ ಮುಂದಿನ ಭೇಟಿಯಲ್ಲಿ ಹೇಳಿ ಕಣ್ಣಿನ ಒತ್ತಡ ನೋಡಿಸುತ್ತೇನೆ. ಡಾರ್ಜೊಲಮೈಡ್ ಮತ್ತು ಟಿಮೊಲಾಲ್ ಸೇರಿದ ಒಂದೇ ಬಾಟಲಿಯಂಥವು ಕೆಲವೊಮ್ಮೆ ಎರಡು ಬಿಡಿ ಬಾಟಲಿಗಿಂತ ಅಗ್ಗ, ಕೆಲವೊಮ್ಮೆ ದುಬಾರಿ. ಮತ್ತೆ ಅದೇ ದಿನದ ಲೆಕ್ಕ. ಪ್ರಿಸರ್ವೇಟಿವ್ (ಔಷಧ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಪುಟ್ಟ ವಯಲ್‌ಗಳು ನಿಜವಾಗಿ ಬೇಕೇ ಎಂದೂ ಕೇಳಬೇಕು. ಕಣ್ಣು ಉರಿದು ಕೆಂಪಾಗುವವರಿಗೆ ಬೇಕು, ಎಲ್ಲರಿಗೂ ಅಲ್ಲ. ಒಮ್ಮೆ ಬಳಸಿ ಬಿಸಾಡಿ ಎಂದಿರುವ ವಯಲನ್ನು ನಾಳೆಗೆ ಎತ್ತಿಡುವುದು ಉಳಿತಾಯವಲ್ಲ.

ದಿನ ಬಿಟ್ಟು ದಿನ ಹಾಕಿ ಬಾಟಲಿ ಎಳೆಯುವುದನ್ನು ಮಾತ್ರ ಮಾಡಬಾರದು. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ಹೋದ ದೃಷ್ಟಿ ಹಿಂದೆ ಬರುವುದೂ ಇಲ್ಲ. ಹಾಗೆಯೇ ಕಣ್ಣು ಕೆಂಪಾಯಿತೆಂದು ಮನೆಯಲ್ಲಿ ಉಳಿದ ಹಳೆಯ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಕಣ್ಣಿನ ಒತ್ತಡವೇ ಏರಬಹುದು.

ಇಷ್ಟಾಗಿಯೂ ಭಾರವೆನಿಸಿದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿಯನ್ನು ಸರಾಗಗೊಳಿಸಿ ಒತ್ತಡ ಇಳಿಸುವ ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆಯ ಬಗ್ಗೆ ಕೇಳಬೇಕು. ಬ್ರಿಟನ್ನಿನಲ್ಲಿ 718 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಲೈಟ್’ ಎಂಬ ಹೆಸರಿನ ಅಧ್ಯಯನದಲ್ಲಿ, ಮೊದಲು ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮೂರು ವರ್ಷದ ಕೊನೆಗೂ ಡ್ರಾಪ್ಸ್ ಇಲ್ಲದೆ ಒತ್ತಡವನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು. ಎಲ್ಲ ಬಗೆಯ ಗ್ಲಾಕೋಮಾಕ್ಕೂ ಇದು ಒಗ್ಗುವುದಿಲ್ಲ. ಪರಿಣಾಮ ವರ್ಷಗಳಲ್ಲಿ ಇಳಿಯುವುದೂ ಉಂಟು, ಹಾಗಾಗಿ ಡ್ರಾಪ್ಸ್ ನಿಂತರೂ ಒತ್ತಡದ ತಪಾಸಣೆಯ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಇರಬೇಕು.