ಕೊಳೆತ ಫೈಬರ್ ಸ್ಪೀಡ್‌ಬೋಟ್: ಟ್ರಾನ್ಸಮ್, ಸ್ಟ್ರಿಂಗರ್, ಫ್ಲೋರ್ ಬದಲಿಸುವ ಕ್ರಮ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಕೊಳೆಯುವುದು ಅದರೊಳಗೆ ಮುಚ್ಚಿಟ್ಟ ಪ್ಲೈವುಡ್. 14ರಿಂದ 18 ಅಡಿಯ ಹಳೆಯ ಸ್ಪೀಡ್‌ಬೋಟ್‌ಗಳಲ್ಲಿ ಮರ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ. ಎಂಜಿನ್ ತೂಗುವ ಹಿಂಬದಿಯ ಗೋಡೆ ಟ್ರಾನ್ಸಮ್. ತಳದ ಉದ್ದಕ್ಕೂ ಹಾದುಹೋಗುವ ತೊಲೆಗಳು ಸ್ಟ್ರಿಂಗರ್. ಕಾಲಿಡುವ ಜಾಗ ಫ್ಲೋರ್. ಸೀಟು, ಲೈಟು, ಏಣಿ, ಡ್ರೈನ್ ಪ್ಲಗ್ಗು ಕೂರಿಸಲು ಹಾಕಿದ ಒಂದೊಂದು ಸ್ಕ್ರೂ ತೂತವೂ ನೀರಿಗೆ ದಾರಿ. ಕೊಳೆಸುವುದರಲ್ಲಿ ಸಮುದ್ರದ ನೀರಿಗಿಂತ ಮಳೆನೀರು ಕೆಟ್ಟದ್ದು, ಏಕೆಂದರೆ ಉಪ್ಪು ಶಿಲೀಂಧ್ರವನ್ನು ಸ್ವಲ್ಪ ತಡೆಯುತ್ತದೆ, ಸಿಹಿನೀರು ತಡೆಯುವುದಿಲ್ಲ. ಕರಾವಳಿಯಲ್ಲಿ ಎರಡು ಮಳೆಗಾಲ ಹೊದಿಕೆಯಿಲ್ಲದೆ ಅಂಗಳದಲ್ಲಿ ಬಿದ್ದ ಬೋಟ್, ದಿನವೂ ನೀರಿಗಿಳಿಯುವ ಬೋಟ್‌ಗಿಂತ ಬೇಗ ಹಾಳಾಗುವುದು ಇದೇ ಕಾರಣಕ್ಕೆ.

ಟ್ರಾನ್ಸಮ್‌ಗೆ ಸಾಲಾಗಿ ತೂತ ಕೊರೆದು ತೆಳ್ಳಗಿನ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸುರಿಯುವ ರಿಪೇರಿಯನ್ನು ಹಲವರು ಸೂಚಿಸುತ್ತಾರೆ. ಅದನ್ನು ಮಾಡಬೇಡಿ. ಒದ್ದೆ ಮರದೊಳಗೆ ಎಪಾಕ್ಸಿ ಇಳಿಯುವುದಿಲ್ಲ. ಇಳಿದಷ್ಟು ಜಾಗ ಗಟ್ಟಿಯಾಗುತ್ತದೆ, ಸುತ್ತಲಿನ ತೇವ ಒಳಗೇ ಉಳಿದು ಕೊಳೆತ ಮುಂದುವರಿಯುತ್ತದೆ. 40 ಎಚ್‌ಪಿ ಎಂಜಿನ್ ತೂಗುವ ಜಾಗದಲ್ಲಿ ಆ ಭರವಸೆ ಸಾಲದು.

ಎಷ್ಟು ಕೊಳೆತಿದೆ?

ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ ಮತ್ತು ಫ್ಲೋರನ್ನು ಅಂಗೈ ಅಗಲಕ್ಕೊಮ್ಮೆ ತಟ್ಟಿ. ಒಳ್ಳೆಯ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಧಬ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಎಂಜಿನ್ ಇನ್ನೂ ತೂಗಿದ್ದರೆ ಅದನ್ನು ಅರ್ಧ ಎತ್ತಿ, ಕೆಳತುದಿಯನ್ನು ಕೈಯಿಂದ ಮೇಲೆ ಕೆಳಗೆ ಒತ್ತಿ. ಟ್ರಾನ್ಸಮ್‌ನ ಮೇಲಂಚು ಕಣ್ಣಿಗೆ ಕಾಣುವಷ್ಟು ಅಲುಗಿದರೆ ಒಳಗೆ ಮರ ಉಳಿದಿಲ್ಲ.

ಕೊನೆಯ ಸಾಕ್ಷಿ ಡ್ರಿಲ್. ಬಿಟ್‌ಗೆ 25 ಮಿ.ಮೀ. ಆಳದಲ್ಲಿ ಟೇಪ್ ಸುತ್ತಿ, ಬೋಟಿನ ಒಳಭಾಗದಿಂದ 6 ಮಿ.ಮೀ. ತೂತ ಕೊರೆಯಿರಿ, ಹೊರಚರ್ಮ ತೂತಾಗಬಾರದು. ಟ್ರಾನ್ಸಮ್‌ನ ಕೆಳ ಮೂಲೆಗಳಲ್ಲಿ, ಡ್ರೈನ್ ಪ್ಲಗ್ಗಿನ ಪಕ್ಕ, ಸ್ಟ್ರಿಂಗರ್‌ಗಳ ಹಿಂತುದಿಯಲ್ಲಿ ಕೊರೆದು ನೋಡಿ. ಒಣ, ತಿಳಿಬಣ್ಣದ ಪುಡಿ ಬಂದರೆ ಮರ ಚೆನ್ನಾಗಿದೆ. ಕಪ್ಪಗೆ, ಒದ್ದೆಯಾಗಿ, ಹುಳಿನಾತದ ಗಸಿ ಬಂದರೆ ಬದಲಿಸಲೇಬೇಕು. ಫ್ಲೋರ್ ಮಾತ್ರ ಮೆತ್ತಗಿದೆ ಎಂದು ಕಂಡರೂ ಅದರಡಿಯ ಸ್ಟ್ರಿಂಗರ್ ಕೊಳೆತಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ನೀರು ನಿಲ್ಲುವುದು ಅಲ್ಲಿ.

ಬಿಚ್ಚುವ ಮೊದಲು ಆಕಾರ ಕಾಯಿರಿ

ಬೋಟ್ ಬಿಗಿಯಾಗಿ ನಿಂತಿರುವುದು ಫ್ಲೋರ್ ಮತ್ತು ಸ್ಟ್ರಿಂಗರ್‌ಗಳ ಬಲದಿಂದ. ಅವನ್ನು ತೆಗೆದ ಕೂಡಲೇ ತಳ ತನ್ನ ತೂಕಕ್ಕೇ ಬಾಗುತ್ತದೆ, ಬಾಗಿದ ಮೇಲೆ ಹೊಸ ಗ್ಲಾಸ್ (ರೆಸಿನ್‌ನಲ್ಲಿ ನೆನೆಸಿದ ಫೈಬರ್‌ಗ್ಲಾಸ್) ಹಾಕಿದರೆ ಆ ಬಾಗು ಶಾಶ್ವತ. ಹಿಂಭಾಗದ ತಳ ಒಳಕ್ಕೆ ತಗ್ಗಾದರೆ ಓಟದಲ್ಲಿ ಮೂತಿ ಕೆಳಗೆ ಒತ್ತುತ್ತದೆ; ಹೊರಕ್ಕೆ ಉಬ್ಬಿದರೆ ಬೋಟ್ ನೀರಿನ ಮೇಲೆ ಮೂತಿ ಎತ್ತಿ ಹಾಕುತ್ತ ಕುಣಿಯುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ ಇದಕ್ಕೆ ಮದ್ದಿಲ್ಲ.

ಆದ್ದರಿಂದ ಬೋಟನ್ನು ತಳದ ಆಕಾರಕ್ಕೆ ಕತ್ತರಿಸಿದ ನಾಲ್ಕೈದು ಮರದ ಅಡ್ಡಗಳ ಮೇಲೆ ಲೆವೆಲ್ ಆಗಿ ಕೂರಿಸಿ. ಒಂದು ಅಡ್ಡ ಟ್ರಾನ್ಸಮ್‌ನ ನೇರ ಕೆಳಗೆ ಬರಲಿ. ಎರಡೂ ಬದಿಯ ಮೇಲಂಚುಗಳ ನಡುವೆ ಮೂರು ಕಡೆ ಅಡ್ಡಪಟ್ಟಿ ಬಿಗಿದು ಅಗಲ ಬರೆದಿಡಿ. ಟ್ರಾನ್ಸಮ್‌ನ ಕೋನ (ಹೆಚ್ಚಾಗಿ 12ರಿಂದ 14 ಡಿಗ್ರಿ), ಅದರ ಒಟ್ಟು ದಪ್ಪ, ಸ್ಟ್ರಿಂಗರ್‌ಗಳ ಎತ್ತರ, ನಡುವಿನ ಅಂತರ, ಫ್ಲೋರ್ ಮುಟ್ಟುವ ಗೆರೆ, ಎಲ್ಲವನ್ನೂ ಅಳೆದು, ಫೋಟೊ ತೆಗೆದು, ಬೋಟಿನ ಒಳಗೋಡೆಯ ಮೇಲೇ ಬರೆಯಿರಿ. ಕಾಗದ ಕಳೆದುಹೋಗುತ್ತದೆ.

ನಂತರ ಎಂಜಿನ್, ಟ್ಯಾಂಕ್, ವೈರಿಂಗ್, ಸ್ಟೀರಿಂಗ್ ಕೇಬಲ್ ಹೊರಗೆ. ಸರ್ಕ್ಯುಲರ್ ಸಾ ಆಳವನ್ನು 14 ಮಿ.ಮೀ.ಗೆ ಕೂರಿಸಿ, ಗೋಡೆಯಿಂದ 75 ಮಿ.ಮೀ. ಅಂಚು ಬಿಟ್ಟು ಫ್ಲೋರ್ ಕತ್ತರಿಸಿ. ಅಡಿಯಲ್ಲಿ ಹಳದಿ ಫೋಮ್ ಇದ್ದರೆ ಒಂದು ತುಂಡು ಹಿಂಡಿ ನೋಡಿ. ನೀರು ಹೀರಿದ ಫೋಮ್ ಬೋಟಿಗೆ ಹತ್ತಾರು ಕಿಲೊ ಸತ್ತ ತೂಕ ಸೇರಿಸಿರುತ್ತದೆ; ಅದು ಒಣಗುವುದಿಲ್ಲ, ಪೂರ್ತಿ ಅಗೆದು ತೆಗೆಯಿರಿ. ಸ್ಟ್ರಿಂಗರ್‌ಗಳನ್ನು ಮಾತ್ರ ಒಟ್ಟಿಗೆ ಕೀಳಬೇಡಿ. ಒಂದನ್ನು ತೆಗೆದು, ಹೊಸದು ಕೂರಿಸಿ ಗಟ್ಟಿಯಾದ ಮೇಲೆ ಇನ್ನೊಂದು.

ಹೊಸದೇನನ್ನೂ ಕೂರಿಸುವ ಮೊದಲು ಬೋಟನ್ನು ಒಣಗಲು ಬಿಡಿ. ಮೇಲೆ ಹೊದಿಕೆ, ಒಳಗೆ ಗಾಳಿ, ಹಗಲಿಡೀ ಫ್ಯಾನ್. ಎರಡು ವಾರವಾದರೂ ಬೇಕು. ಎಲ್ಲರೂ ಅವಸರ ಮಾಡುವ ಹಂತ ಇದು, ಹೊಸ ಕೆಲಸ ಕಿತ್ತು ಬರುವುದಕ್ಕೆ ಮೊದಲ ಕಾರಣವೂ ಇದೇ.

ಸಾಮಾನು

16 ಅಡಿ ಬೋಟಿನ ಮೂರೂ ಭಾಗಕ್ಕೆ ಸುಮಾರು ಇಷ್ಟು ಬೇಕಾಗುತ್ತದೆ:

- ಐಎಸ್ 710 ಮರೈನ್ ಪ್ಲೈ, 8×4 ಅಡಿ: 18 ಮಿ.ಮೀ. ಎರಡು ಹಾಳೆ, 12 ಮಿ.ಮೀ. ಎರಡು ಹಾಳೆ
- 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಚಾಪ್ಡ್ ಸ್ಟ್ರಾಂಡ್ ಮ್ಯಾಟ್, ಅಂದರೆ ತುಂಡು ಎಳೆಗಳ ಗ್ಲಾಸ್ ಹಾಸು, 12ರಿಂದ 14 ಕಿಲೊ
- 600 ಜಿಎಸ್‌ಎಂ ವೋವನ್ ರೋವಿಂಗ್, ಅಂದರೆ ನೇಯ್ದ ಗ್ಲಾಸ್ ಬಟ್ಟೆ, 8ರಿಂದ 9 ಕಿಲೊ
- ರೆಸಿನ್ 45ರಿಂದ 50 ಕಿಲೊ, ಎಂಇಕೆಪಿ (ರೆಸಿನ್ ಗಟ್ಟಿಯಾಗಿಸುವ ದ್ರವ) 1 ಕಿಲೊ, ಅಸಿಟೋನ್ 5 ಲೀಟರ್
- 36 ಗ್ರಿಟ್ ಡಿಸ್ಕ್‌ಗಳು (ಒರಟಾಗಿ ಉಜ್ಜುವಂಥವು), ಅಲ್ಯುಮಿನಿಯಂ ರೋಲರ್, ರೆಸಿನ್ ಮಂದವಾಗಿಸುವ ಕ್ಯಾಬೊಸಿಲ್ ಪುಡಿ

ಬಿಡಬ್ಲ್ಯುಆರ್ ಎಂದು ಮಾರುವ ಐಎಸ್ 303 ಪ್ಲೈ ಅಡುಗೆಮನೆ ಕಪಾಟಿಗೆ ಸರಿ, ಇಲ್ಲಿಗಲ್ಲ. ರೆಸಿನ್‌ನಲ್ಲಿಯೂ ಅಗ್ಗದ ಜಿಪಿ (ಸಾಮಾನ್ಯ ಬಳಕೆಯ ಪಾಲಿಯೆಸ್ಟರ್) ಬೇಡ. ಐಸೊಫ್ತಾಲಿಕ್ ಪಾಲಿಯೆಸ್ಟರ್ ಕೇಳಿ, ಟ್ರಾನ್ಸಮ್‌ಗೆ ಸಾಧ್ಯವಾದರೆ ವಿನೈಲ್ ಎಸ್ಟರ್. ಎರಡೂ ಒಂದರ ಮೇಲೊಂದು ಹಿಡಿಯುತ್ತವೆ. ಎಪಾಕ್ಸಿ ಮರಕ್ಕೆ ಇವೆರಡಕ್ಕಿಂತ ಬಿಗಿಯಾಗಿ ಅಂಟುತ್ತದೆ, ಆದರೆ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ಎಪಾಕ್ಸಿ ಆರಿಸಿದರೆ ಕೆಲಸವೆಲ್ಲ ಎಪಾಕ್ಸಿಯಲ್ಲೇ ಮುಗಿಯಬೇಕು. ಜತೆಗೆ ಮಾಮೂಲಿ ಎಮಲ್ಷನ್ ಮ್ಯಾಟ್ ಅದಕ್ಕೆ ಆಗದು: ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ.

ರೆಸಿನ್ ಕಲಸುವುದು

ನಮ್ಮಲ್ಲಿ ಹಲವು ಅಂಗಡಿಗಳು ರೆಸಿನ್, ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ), ಎಂಇಕೆಪಿ ಮೂರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕೊಡುತ್ತವೆ. ಕೋಬಾಲ್ಟ್ ಮತ್ತು ಎಂಇಕೆಪಿಯನ್ನು ಯಾವ ಕಾರಣಕ್ಕೂ ನೇರವಾಗಿ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಅದು ಒಂದಾದ ಮೇಲೆಯೇ ಎಂಇಕೆಪಿ. ಎರಡಕ್ಕೂ ಒಂದೇ ಅಳತೆ ಲೋಟ, ಒಂದೇ ಕಡ್ಡಿ ಬಳಸಬೇಡಿ. ರೆಸಿನ್ ಮೊದಲೇ ಕೋಬಾಲ್ಟ್ ಬೆರೆಸಿ ಬಂದಿದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ ಬೇಕೇ ಬೇಕು. ಸ್ಟೈರೀನ್ ಆವಿಗೆ ಬಟ್ಟೆಯ ಮಾಸ್ಕ್ ಸಾಲದು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ.

ಎಂಇಕೆಪಿ ಪ್ರಮಾಣ ತೂಕದಲ್ಲಿ ಶೇ. 1ರಿಂದ 2. ಒಂದು ಕಿಲೊ ರೆಸಿನ್‌ಗೆ ಶೇ. 1 ಎಂದರೆ 10 ಗ್ರಾಂ, ಸಿರಿಂಜಿನಲ್ಲಿ ಸುಮಾರು 9 ಮಿ.ಲೀ. ಶೇ. 1ಕ್ಕಿಂತ ಕಡಿಮೆ ಮಾಡಿದರೆ ರೆಸಿನ್ ಎಂದಿಗೂ ಪೂರ್ತಿ ಗಟ್ಟಿಯಾಗದು. ಬಿಸಿಲಿಗೆ ಹೆದರಿ ಪ್ರಮಾಣ ಇಳಿಸುವ ಬದಲು ಬೆಳಿಗ್ಗೆ ಬೇಗ ಕೆಲಸ ಶುರುಮಾಡಿ. ಪ್ರತಿದಿನ ಮೊದಲು 100 ಗ್ರಾಂ ಕಲಸಿ ಪರೀಕ್ಷಿಸಿ. 15ರಿಂದ 25 ನಿಮಿಷಕ್ಕೆ ಜೆಲ್ ಆದರೆ ಸರಿ. ಕಲಸಿದ್ದನ್ನು ಡಬ್ಬಿಯಲ್ಲಿ ಇಟ್ಟುಕೊಂಡರೆ ತನ್ನ ಶಾಖಕ್ಕೇ ಬೇಗ ಗಟ್ಟಿಯಾಗಿ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದುಕೊಳ್ಳಿ, ಒಂದೂವರೆ ಕಿಲೊಗಿಂತ ಹೆಚ್ಚು ಒಮ್ಮೆಗೇ ಬೇಡ.

ಒಂದು ಚದರ ಮೀಟರ್ 450 ಮ್ಯಾಟ್ ಸುಮಾರು 1 ಕಿಲೊ ರೆಸಿನ್ ಕುಡಿಯುತ್ತದೆ, ಅಷ್ಟೇ ಅಗಲದ 600 ರೋವಿಂಗ್ 600 ಗ್ರಾಂ. ಇದಕ್ಕಿಂತ ಹೆಚ್ಚು ಹಿಡಿದರೆ ಬಲ ಬರುವುದಿಲ್ಲ, ಬಿರುಕು ಬರುತ್ತದೆ.

ಕೆಲಸಕ್ಕೆ ಕಾಲ ಡಿಸೆಂಬರ್‌ನಿಂದ ಮಾರ್ಚ್. ಮೀನುಗಾರಿಕೆ ನಿಷೇಧದ ಜೂನ್, ಜುಲೈ ಬಿಡುವಿನಲ್ಲಿ ಕೈಹಾಕಬೇಕೆನಿಸುತ್ತದೆ, ಆದರೆ ಆ ತಿಂಗಳ ತೇವ ಮ್ಯಾಟಿಗೂ ಪ್ಲೈಗೂ ಇಳಿದು ಅಂಟನ್ನು ಕೆಡಿಸುತ್ತದೆ.

ಟ್ರಾನ್ಸಮ್

ಬಣ್ಣವಿರುವ ಹೊರಚರ್ಮ ಉಳಿಸಿ, ಒಳಗಿನಿಂದ ಕೆಲಸ ಮಾಡಿ. ಒಳಚರ್ಮವನ್ನು ಸುತ್ತ 75 ಮಿ.ಮೀ. ಬಿಟ್ಟು ಕತ್ತರಿಸಿ, ಉಳಿ ಸುತ್ತಿಗೆಯಿಂದ ಮರ ಎಬ್ಬಿಸಿ. ಕೊಳೆತದ್ದು ಕೈಯಲ್ಲೇ ಬರುತ್ತದೆ, ಚೆನ್ನಾಗಿರುವ ಮರಕ್ಕೆ ಗ್ರೈಂಡರ್ ಬೇಕು. ಕೊನೆಗೆ 36 ಗ್ರಿಟ್‌ನಲ್ಲಿ ಹೊಳಪೆಲ್ಲ ಹೋಗುವವರೆಗೆ ಉಜ್ಜಿ. ಪಕ್ಕಗಳಲ್ಲೂ ತಳದಲ್ಲೂ 200 ಮಿ.ಮೀ. ಮುಂದಕ್ಕೆ ಉಜ್ಜಿರಬೇಕು. ಹಳೆಯ ಗ್ಲಾಸ್‌ನ ಅಂಚನ್ನು 12ಕ್ಕೆ 1ರಂತೆ ಇಳಿಜಾರು ಮಾಡಿ. ಅಸಿಟೋನ್‌ನಲ್ಲಿ ಒರೆಸುವುದು ಉಜ್ಜುವ ಮೊದಲು; ಒರೆಸದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಇಳಿಯುತ್ತದೆ.

ಮರ ಹೋದ ಮೇಲೆ ಹೊರಚರ್ಮ ಕಾಗದದಂತೆ ಅಲುಗುತ್ತದೆ. ಹೊರಗಡೆಯಿಂದ ಎರಡು ನೇರ ಹಲಗೆ ಒತ್ತಿ ನಿಲ್ಲಿಸಿ, ಅವುಗಳಿಗೆ ವ್ಯಾಕ್ಸ್ ಹಚ್ಚಿರಿ.

ರಟ್ಟಿನಲ್ಲಿ ಅಚ್ಚು ತೆಗೆದು 18 ಮಿ.ಮೀ. ಪ್ಲೈ ಎರಡು ತುಂಡು ಕತ್ತರಿಸಿ. ಎರಡು ಪದರದ ಪ್ಲೈ ಮತ್ತು ಗ್ಲಾಸ್ ಸೇರಿ ಒಟ್ಟು ದಪ್ಪ ಹಳೆಯದಕ್ಕೆ ಸಮ ಬರಬೇಕು. ಔಟ್‌ಬೋರ್ಡ್ ಬೋಟ್‌ಗಳಲ್ಲಿ ಅದು ಹೆಚ್ಚಾಗಿ 38ರಿಂದ 44 ಮಿ.ಮೀ. ಸುತ್ತ 5 ಮಿ.ಮೀ. ಸಂದು ಇರಲಿ. ಪ್ಲೈ ಒಂದೇ ತುಂಡಾಗಿ ಒಳಗೆ ಇಳಿಯದಿದ್ದರೆ ಪದರವನ್ನು ಎರಡು ಭಾಗ ಮಾಡಿ, ಒಂದು ಪದರದ ಜೋಡು ಇನ್ನೊಂದರ ಜೋಡಿನ ಮೇಲೆ ಬರದಂತೆ ನೋಡಿಕೊಳ್ಳಿ. 80 ಗ್ರಿಟ್‌ನಲ್ಲಿ ಪ್ಲೈ ಉಜ್ಜಿ, ಶೇ. 5ರಿಂದ 10ರಷ್ಟು ಸ್ಟೈರೀನ್ ಸೇರಿಸಿ ತೆಳುವಾಗಿಸಿದ ರೆಸಿನ್ ಹಚ್ಚಿ. ಎಂಇಕೆಪಿ ಅದಕ್ಕೂ ಬೇಕು. ಅಂಚುಗಳಿಗೆ ಎರಡು ಮೂರು ಸಲ ಹಚ್ಚಿ, ಏಕೆಂದರೆ ಪ್ಲೈ ನೀರು ಕುಡಿಯುವುದು ಅಂಚಿನಿಂದ.

ಹೊರಚರ್ಮದ ಒಳಮೈಗೆ ಒಂದು ಪದರ ಮ್ಯಾಟ್ ಇಟ್ಟು ರೆಸಿನ್‌ನಿಂದ ಒದ್ದೆ ಮಾಡಿ, ಅದರ ಮೇಲೆ ಕ್ಯಾಬೊಸಿಲ್ ಬೆರೆಸಿದ ಪುಟ್ಟಿಯನ್ನು ಹಲ್ಲಿನ ಕರಣೆಯಿಂದ ಎಳೆದು ಮೊದಲ ಪ್ಲೈ ಒತ್ತಿ. ಗಾಳಿ ಹೊರಡಲು ಪ್ಲೈನಲ್ಲಿ ಅಲ್ಲಲ್ಲಿ 4 ಮಿ.ಮೀ. ತೂತ ಇರಲಿ, ಅವುಗಳಿಂದ ಪುಟ್ಟಿ ಹೊರಬಂದರೆ ಒಳಗೆ ಖಾಲಿ ಜಾಗವಿಲ್ಲ ಎಂದರ್ಥ. ಕ್ಲಾಂಪ್ ಹದವಾಗಿ ಬಿಗಿಯಿರಿ. ಮೈಮರೆತು ಬಿಗಿದರೆ ರೆಸಿನ್ ಎಲ್ಲ ಹೊರಕ್ಕೆ ಹಿಂಡಿ ಜೋಡು ಒಣಗಿಬಿಡುತ್ತದೆ. ಎರಡನೆಯ ಪ್ಲೈಗೂ ನಡುವೆ ಮ್ಯಾಟ್ ಹಾಕಿ ಇದೇ ಕ್ರಮ.

ಗಟ್ಟಿಯಾದ ಮೇಲೆ ಮೂಲೆಗಳಿಗೆ ಪುಟ್ಟಿಯಲ್ಲಿ 20ರಿಂದ 25 ಮಿ.ಮೀ. ದುಂಡು ಕೊಡಿ. ಗ್ಲಾಸ್ ಚೂಪು ಮೂಲೆಯಲ್ಲಿ ಬಾಗದೆ ಎದ್ದು ನಿಲ್ಲುತ್ತದೆ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ನಂತರ ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್: ಐದು ಪದರ ಸೇರಿ ಸುಮಾರು 4.5 ಮಿ.ಮೀ. ಮೊದಲನೆಯದು ತಳ ಮತ್ತು ಪಕ್ಕಗಳ ಮೇಲೆ 100 ಮಿ.ಮೀ. ಚಾಚಲಿ, ಹೊರಗಿನ ಪದರಗಳು ಹೆಚ್ಚುತ್ತ ಹೋಗಿ ಕೊನೆಯದು 200 ಮಿ.ಮೀ. ಮುಟ್ಟಲಿ. ಒಂದೇ ಸಲಕ್ಕೆ ಮೂರು ಪದರ ಮೀರಬೇಡಿ, ಶಾಖಕ್ಕೆ ಸೊಟ್ಟಗಾಗುತ್ತದೆ. ಬೆಳ್ಳಗೆ ಕಾಣುವ ಕಲೆ ಗಾಳಿ ಅಥವಾ ಒಣ ಗ್ಲಾಸ್. ರೋಲರ್‌ನಲ್ಲಿ ಹೋಗದಿದ್ದರೆ ಗಟ್ಟಿಯಾದ ಮೇಲೆ ಕೊರೆದು ಮತ್ತೆ ಹಾಕಿ. ಎರಡು ದಿನ ಬಿಟ್ಟು ಮುಂದುವರಿಸುವುದಾದರೆ ಮತ್ತೆ ಉಜ್ಜಿಯೇ ಮುಂದಿನ ಪದರ.

ಸ್ಟ್ರಿಂಗರ್, ಫೋಮ್, ಫ್ಲೋರ್

ಪ್ಲೈ ಹಾಳೆ 2440 ಮಿ.ಮೀ. ಉದ್ದ, ಸ್ಟ್ರಿಂಗರ್ 4 ಮೀಟರ್. ತುದಿಗೆ ತುದಿ ಮುಟ್ಟಿಸಿ ಸೇರಿಸಬೇಡಿ. 8ಕ್ಕೆ 1ರ ಇಳಿಜಾರಿನಲ್ಲಿ, ಅಂದರೆ 18 ಮಿ.ಮೀ. ಪ್ಲೈಗೆ 144 ಮಿ.ಮೀ. ಉದ್ದದ ಓರೆ ಜೋಡು ಮಾಡಿ ಅಂಟಿಸಿ. ಮರದ ಅಂಚು ತಳಕ್ಕೆ ನೇರ ತಾಗಬಾರದು. ತಾಗಿದರೆ ಅಲೆಯ ಪೆಟ್ಟಿಗೆ ಆ ಗೆರೆಯಲ್ಲೇ ತಳ ಬಿರುಕು ಬಿಡುತ್ತದೆ. 6 ಮಿ.ಮೀ. ಪುಟ್ಟಿಯ ಹಾಸಿನ ಮೇಲೆ ಕೂರಿಸಿ, ಎರಡೂ ಪಕ್ಕ ದುಂಡು ಕೊಟ್ಟು, ಮ್ಯಾಟ್–ರೋವಿಂಗ್–ಮ್ಯಾಟ್ ಪೂರ್ತಿ ಹೊದಿಸಿ ತಳದ ಮೇಲೆ ಎರಡೂ ಬದಿಗೆ 125 ಮಿ.ಮೀ. ಚಾಚಿ. ಹಿಂತುದಿ ಟ್ರಾನ್ಸಮ್‌ಗೆ ಗ್ಲಾಸ್‌ನಿಂದ ಕಟ್ಟಿರಬೇಕು. ಎಂಜಿನ್ನಿನ ಒತ್ತಡ ತಳಕ್ಕೆ ಇಳಿಯುವುದು ಆ ಜೋಡಿನ ಮೂಲಕ.

ನೀರಿಗೆ ಹೊರಹೋಗುವ ದಾರಿ ಬಿಡಿ. ಅಡ್ಡತೊಲೆಗಳ ಕೆಳಮೂಲೆಯಲ್ಲಿ 25 ಮಿ.ಮೀ. ಪಿವಿಸಿ ಪೈಪ್ ತುಂಡು ಕೂರಿಸಿ, ಸುತ್ತ ರೆಸಿನ್ ತುಂಬಿ. ಬರಿ ಮರದ ತೂತ ಬಿಟ್ಟರೆ ಕೊಳೆತ ಅಲ್ಲಿಂದಲೇ ಮತ್ತೆ ಆರಂಭ.

ಫೋಮ್ ಬಿಟ್ಟುಬಿಡುವ ಯೋಚನೆ ಬೇಡ, ಬೋಟ್ ತುಂಬಿಕೊಂಡಾಗ ತೇಲಿಸುವುದು ಅದೇ. ಘನ ಮೀಟರಿಗೆ 32 ಕಿಲೊ ಸಾಂದ್ರತೆಯ ಎರಡು ಭಾಗದ ಪಾಲಿಯುರೆಥೇನ್ ಫೋಮ್ 200 ಲೀಟರ್ ಜಾಗಕ್ಕೆ 6.4 ಕಿಲೊ ಸಾಕು, ತೇಲುಬಲ ಸುಮಾರು 190 ಕಿಲೊ. ನಡುವಿನ ನೀರು ಹರಿಯುವ ಕಾಲುವೆಗೆ ಮಾತ್ರ ಫೋಮ್ ಸುರಿಯಬೇಡಿ.

ಫ್ಲೋರ್‌ಗೆ 12 ಮಿ.ಮೀ. ಪ್ಲೈ. ಕೆಳಮೈಗೆ ಒಂದು ಪದರ ಮ್ಯಾಟ್ ಮೊದಲೇ ಹಾಕಿ ಒಣಗಿಸಿ. ಕೂರಿಸಿದ ಮೇಲೆ ಕೈ ಹೋಗುವುದಿಲ್ಲ. ಮೇಲೆ ಮ್ಯಾಟ್ ಮತ್ತು ರೋವಿಂಗ್, ಗೋಡೆಗೆ 100 ಮಿ.ಮೀ. ಏರಿಸಿ. ಕೊನೆಯ ಕೋಟಿನ ರೆಸಿನ್‌ಗೆ ವ್ಯಾಕ್ಸ್ ದ್ರಾವಣ ಬೆರೆಸಿ, ಇಲ್ಲವಾದರೆ ಗಾಳಿ ತಾಗುವ ಮೇಲ್ಮೈ ಜಿಗುಟಾಗಿಯೇ ಉಳಿಯುತ್ತದೆ.

ತೂತಗಳು ಮತ್ತು ಎಂಜಿನ್

ಬೋಟ್ ಮತ್ತೆ ಕೊಳೆಯುವುದೋ ಇಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. 6 ಮಿ.ಮೀ. ಸ್ಕ್ರೂ ಬೇಕಾದರೆ 12 ಮಿ.ಮೀ. ತೂತ ಕೊರೆದು, ಕ್ಯಾಬೊಸಿಲ್ ಬೆರೆಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಬೇಕಾದ ಅಳತೆಯ ತೂತ ಕೊರೆಯಿರಿ. ಆಗ ಸ್ಕ್ರೂ ಸಡಿಲವಾದರೂ ನೀರು ಪ್ಲೈಗೆ ತಾಗದು. ಎಂಜಿನ್ ಬೋಲ್ಟ್‌ಗೂ ಡ್ರೈನ್ ಪ್ಲಗ್ಗಿಗೂ ಇದೇ ಕ್ರಮ, ವಿನಾಯಿತಿ ಇಲ್ಲ. ಬೋಲ್ಟ್ 316 ಸ್ಟೀಲ್, ಒಳಗೆ ಅಗಲ ಪ್ಲೇಟ್, ಸುತ್ತ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ಸೀಲಂಟ್. ಬಾತ್‌ರೂಮ್ ಸಿಲಿಕೋನ್ ನೀರಿನ ಮಟ್ಟದ ಕೆಳಗೆ ನಿಲ್ಲುವುದಿಲ್ಲ.

ಟ್ರಾನ್ಸಮ್‌ನ ಎತ್ತರ ಶಾರ್ಟ್ ಶಾಫ್ಟ್ ಎಂಜಿನ್ನಿಗೆ 15 ಇಂಚು, ಲಾಂಗ್ ಶಾಫ್ಟ್‌ಗೆ 20 ಇಂಚು. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಬೋಟಿನ ತಳದ ಮಟ್ಟಕ್ಕೆ ಅಥವಾ 25 ಮಿ.ಮೀ. ಮೇಲಕ್ಕೆ ಬಂದರೆ ಸರಿ. ಮೊದಲ ಸಲ ನೀರಿಗಿಳಿಸಿ ಕಟ್ಟಿಹಾಕಿ, ಅರ್ಧ ಗಂಟೆ ಬಿಟ್ಟು ಒಳಗೆ ಕೈಯಾಡಿಸಿ ತೇವ ಹುಡುಕಿ. ಹತ್ತು ಗಂಟೆ ಓಡಿಸಿದ ಮೇಲೆ ಎಂಜಿನ್ ಬೋಲ್ಟ್ ಮತ್ತೆ ಬಿಗಿದು, ಟ್ರಾನ್ಸಮ್ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ. ಮಳೆಗಾಲದಲ್ಲಿ ಮೂತಿ ಎತ್ತಿ, ಡ್ರೈನ್ ಪ್ಲಗ್ ತೆಗೆದು, ಗಾಳಿಯಾಡುವ ಹೊದಿಕೆ ಹಾಕಿ ನಿಲ್ಲಿಸಿ.