ಕೋಲಾರದ ಮನೆಯಲ್ಲಿ ಸಮುದ್ರದ ನೀರು: ತರಿಸೋದಾ, ಕಲಸೋದಾ?

ಕೋಲಾರದಲ್ಲಿ ಕೂತು ಸಮುದ್ರದ ಮೀನು ಸಾಕುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು. "ನೀರು ಎಲ್ಲಿಂದ ತರ್ತೀರಾ?" ಕೇಳುವುದು ಸರಿಯೇ. ಚೆನ್ನೈ ಕಡಲು ಇಲ್ಲಿಂದ ಹತ್ತಿರ ಹತ್ತಿರ 300 ಕಿ.ಮೀ. ಮಂಗಳೂರು ಅದಕ್ಕಿಂತ ದೂರ, 400 ದಾಟುತ್ತದೆ. ನಮ್ಮದು ಕುಡಿಯುವ ನೀರಿಗೇ ಕ್ಯಾನ್ ಹಿಡಿದು ಓಡಾಡುವ ಊರು. ನಾನು ಕಡಲಿಂದ ಬಂದ ನೀರನ್ನೂ ಬಳಸಿದ್ದೇನೆ, ಉಪ್ಪಿನ ಪುಡಿ ಕಲಸಿ ಮಾಡಿದ ನೀರನ್ನೂ ಬಳಸಿದ್ದೇನೆ. ಈಗ ಕಲಸಿದ ನೀರಿನಲ್ಲೇ ಟ್ಯಾಂಕ್ ನಡೆಯುತ್ತಿದೆ. ದೂರ ಅನ್ನುವುದು ಅದಕ್ಕೆ ಒಂದು ಕಾರಣ ಮಾತ್ರ, ದೊಡ್ಡ ಕಾರಣ ಬೇರೆ ಇದೆ.

ನನ್ನದು 200 ಲೀಟರಿನ ಗಾಜಿನ ಟ್ಯಾಂಕ್. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಅನ್ನುವ ಸಣ್ಣ ಮೀನು, ಒಂದೆರಡು ಸೀಗಡಿ. ಕ್ಲೌನ್ ಮೀನನ್ನು ಈಗ ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುತ್ತಾರೆ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಅದರ ವಿಧಾನ ರೂಪಿಸಿದ್ದಾರೆ. ಕಡಲಿಂದ ಹಿಡಿದ ಮೀನಿಗಿಂತ ಇವು ಗಟ್ಟಿ. ಹವಳ ಇಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಟ್ಟಿ ಹವಳ, ಕಡಲಕುದುರೆ ಇವೆಲ್ಲ ಕಟ್ಟುನಿಟ್ಟಿನ ರಕ್ಷಣೆಯ ಮೊದಲ ಪಟ್ಟಿಯಲ್ಲಿವೆ. ರಾಮೇಶ್ವರಕ್ಕೆ ಹೋದಾಗ ಕಡಲದಂಡೆಯಲ್ಲಿ ಬಿದ್ದಿದ್ದ ಹವಳದ ಕಲ್ಲು ಎತ್ತಿಕೊಂಡು ಬಂದೆ ಅಂತ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಸೆರಾಮಿಕ್ ಕಲ್ಲು ಸಾಕು. ನೀರು ಚೊಕ್ಕಟವಾಗಿಡಲು ಬೇಕಾದ ಬ್ಯಾಕ್ಟೀರಿಯಾ ಅದರ ಮೇಲೂ ಬೆಳೆಯುತ್ತದೆ.

ಕಡಲ ನೀರು ನನಗೆ ಬರುತ್ತಿದ್ದದ್ದು ಟೊಮೆಟೊ ದಾರಿಯಲ್ಲಿ. ಇಲ್ಲಿನ ಎಪಿಎಂಸಿಯಿಂದ ಲೋಡು ಹತ್ತಿಸಿ ಚೆನ್ನೈಗೆ ಹೋಗುವ ಕ್ಯಾಂಟರ್ ಡ್ರೈವರ್ ಒಬ್ಬ ಪರಿಚಯ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ದಾಟಿ ಹೋಗುತ್ತಾನೆ. ಬರುವಾಗ ಗಾಡಿ ಹೆಚ್ಚುಕಡಿಮೆ ಖಾಲಿ. 20 ಲೀಟರಿನ ಕ್ಯಾನ್‌ಗಳನ್ನು ಅವನ ಕೈಗೆ ಕೊಟ್ಟು, ತುಂಬಿಸಿಕೊಂಡು ಬಾ ಅಂದೆ. ಮೊದಲ ಸಲ ಮೀನು ಇಳಿಸುವ ಬಂದರಿನ ಮೂಲೆಯಲ್ಲೇ ತುಂಬಿಸಿಕೊಂಡು ಬಂದ. ಮುಚ್ಚಳ ತೆಗೆದರೆ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ, ಡೀಸೆಲ್ ವಾಸನೆ. "ಅಣ್ಣ, ಸಮುದ್ರ ಎಲ್ಲಾ ಒಂದೇ ಅಲ್ವಾ?" ಅಂದ. ಅವನದೇನು ತಪ್ಪು, ಬಂದರಲ್ಲೇ ಗಾಡಿ ನಿಲ್ಲಿಸಲು ಜಾಗ ಸಿಕ್ಕಿದ್ದು. ಅಷ್ಟೂ ನೀರು ಚರಂಡಿಗೆ ಹೋಯಿತು.

ಆಮೇಲೆ ಅವನಿಗೆ ಕೆಲವು ಷರತ್ತು ಹಾಕಿದೆ. ಬಂದರು ಬೇಡ. ಊರಿನ ನದಿ ಕಡಲು ಸೇರುವ ಜಾಗವೂ ಬೇಡ. ಅಡ್ಯಾರು, ಕೂವಂ ಎರಡೂ ನಗರದ ಕೊಳಚೆ ಹೊತ್ತು ಬರುವ ನದಿಗಳು. ದಕ್ಷಿಣಕ್ಕೆ ಕೋವಳಂ ಕಡೆ ಹೋಗಿ, ಭರತ (ಉಬ್ಬರ) ಏರಿದಾಗ, ಸೊಂಟದ ಮಟ್ಟದ ನೀರಿಗೆ ಇಳಿದು ತುಂಬಿಸಬೇಕು. ದಡದ ಅಲೆಯಲ್ಲಿ ಬರೀ ಮರಳು ಬರುತ್ತದೆ. ದೋಣಿಯವರ ಹತ್ತಿರ ಮಾತಾಡಿ ದೂರದಿಂದ ತರಿಸಿದರೆ ಇನ್ನೂ ಒಳ್ಳೆಯದು. ಪಾಪ, ಅವನು ಬೇಸರ ಇಲ್ಲದೆ ಮಾಡಿದ. ಒಂದು ಕ್ಯಾನ್ ನೀರೇ 20 ಕೆ.ಜಿ. ಮೇಲೆ ತೂಗುತ್ತದೆ. ಸಿಹಿನೀರಿಗಿಂತ ಕಡಲ ನೀರು ಲೀಟರಿಗೆ 25 ಗ್ರಾಂನಷ್ಟು ಜಾಸ್ತಿ ಭಾರ. ಅದನ್ನು ಮರಳಿನ ಮೇಲೆ ಹೊತ್ತು ಗಾಡಿಯವರೆಗೆ ಬರುವುದು ಅಂದರೆ ತಮಾಷೆಯಲ್ಲ.

ಬಂದ ನೀರನ್ನು ನೇರ ಟ್ಯಾಂಕಿಗೆ ಸುರಿಯುವ ಹಾಗಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ತುಂಬಿರುತ್ತವೆ. ಮುಚ್ಚಿದ ಕ್ಯಾನಿನಲ್ಲಿ, ಬಿಸಿಲಿನಲ್ಲಿ, ಲಾರಿಯಲ್ಲಿ ಕೂತು ಬರುವಷ್ಟರಲ್ಲಿ ಅವು ಸಾಯಲು ಶುರುವಾಗುತ್ತವೆ. ಸತ್ತದ್ದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ. ಹಾಗಾಗಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ನೀಲಿ ಡ್ರಮ್ಮಿಗೆ ತುಂಬಿ, ಬೆಳಕು ಬೀಳದ ಹಾಗೆ ಮೆಟ್ಟಿಲ ಕೆಳಗೆ ಇಟ್ಟು ಎರಡು ಮೂರು ವಾರ ಬಿಡುತ್ತಿದ್ದೆ. ಸತ್ತದ್ದೆಲ್ಲ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಪೈಪಿನಲ್ಲಿ ಎಳೆದುಕೊಂಡು, ತಳದ ಒಂದು ಗೇಣನ್ನು ಹಾಗೇ ಬಿಟ್ಟು, ಏರ್ ಪಂಪ್ ಹಾಕಿ ಗಾಳಿ ಆಡಿಸಿ, ಅಮೋನಿಯಾ ಟೆಸ್ಟ್ ಮಾಡಿ ಆಮೇಲೆ ಬಳಕೆ. ಡ್ರಮ್ ಆಹಾರ ತುಂಬುವ ದರ್ಜೆಯದ್ದೇ ಆಗಿರಬೇಕು. ಕೆಮಿಕಲ್, ಎಣ್ಣೆ ತುಂಬಿದ್ದ ಹಳೇ ಡ್ರಮ್ ಎಷ್ಟು ತೊಳೆದರೂ ಬೇಡ.

ಇಷ್ಟು ಮಾಡಿದ ನೀರು ಚೆನ್ನಾಗಿಯೇ ಇತ್ತು. ಮೀನು ಗೆಲುವಾಗಿದ್ದವು. ಆದರೆ ಪ್ರತಿ ಸಲ ಒಂದೇ ಥರದ ನೀರು ಬರುತ್ತಿರಲಿಲ್ಲ. ತೆರೆದ ಸಮುದ್ರದಲ್ಲಿ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಸಾಂದ್ರತೆ (ಸಿಹಿನೀರನ್ನು 1 ಅಂತ ಇಟ್ಟುಕೊಂಡರೆ) 1.025ರ ಆಸುಪಾಸು. ಬಂಗಾಳ ಕೊಲ್ಲಿಗೆ ದೊಡ್ಡ ದೊಡ್ಡ ನದಿಗಳು ಸೇರುವುದರಿಂದ ಅಲ್ಲಿ ಉಪ್ಪು ಅರಬ್ಬೀ ಸಮುದ್ರಕ್ಕಿಂತ ಕಡಿಮೆ. ಅದರಲ್ಲೂ ಚೆನ್ನೈ ದಂಡೆಯಲ್ಲಿ ಅಕ್ಟೋಬರಿಂದ ಡಿಸೆಂಬರಿನ ಹಿಂಗಾರಿನಲ್ಲಿ ಇನ್ನೂ ಇಳಿಯುತ್ತದೆ. ಆ ಕಾಲದಲ್ಲಿ ಬಂದ ನೀರು ಉಪ್ಪು ಅಳೆಯುವ ನನ್ನ ರಿಫ್ರ್ಯಾಕ್ಟೋಮೀಟರಿನಲ್ಲಿ 1.021 ತೋರಿಸಿತು. ಅದನ್ನು 1.025 ಇರುವ ಟ್ಯಾಂಕಿಗೆ ಹಾಕಬೇಕಾದರೆ ಮತ್ತೆ ಉಪ್ಪಿನ ಪುಡಿಯನ್ನೇ ಬೆರೆಸಬೇಕು! ಇನ್ನು ಟೊಮೆಟೊ ರೇಟ್ ಬಿದ್ದರೆ ಲೋಡು ಇಲ್ಲ. ಲೋಡು ಇಲ್ಲದಿದ್ದರೆ ನನಗೆ ಸಮುದ್ರವೂ ಇಲ್ಲ.

ಕಡಲ ನೀರು ಹಾಕಿದರೆ ಟ್ಯಾಂಕ್ ಬೇಗ ಪಳಗುತ್ತದೆ, ಅಂದರೆ ಮೀನು ಬಿಡಲು ಸಿದ್ಧವಾಗುತ್ತದೆ ಅಂತ ಅಂಗಡಿಯವರು ಹೇಳುವುದುಂಟು. ಇದನ್ನು ನಾನು ಒಪ್ಪುವುದಿಲ್ಲ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದಕ್ಕಿಂತ ಕಲ್ಲು, ಮರಳು, ಫಿಲ್ಟರ್ ಮೇಲೆ ಅಂಟಿಕೊಂಡೇ ಜಾಸ್ತಿ ಬೆಳೆಯುತ್ತದೆ. ಯಾವ ನೀರು ಹಾಕಿದರೂ ತಿಂಗಳ ಮೇಲೆ ಕಾಯಬೇಕು, ಅಷ್ಟೇ.

ಈಗ ದೊಡ್ಡ ಕಾರಣಕ್ಕೆ ಬರುತ್ತೇನೆ. ಟ್ಯಾಂಕಿನಿಂದ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆದ್ದರಿಂದ ಆರಿದ ಜಾಗಕ್ಕೆ ದಿನಾ ಸಿಹಿನೀರನ್ನೇ ಸುರಿಯಬೇಕು. ಉಪ್ಪುನೀರು ಸುರಿದರೆ ಉಪ್ಪು ಏರುತ್ತಾ ಹೋಗುತ್ತದೆ. ನಮ್ಮ ಕಡೆಯ ಒಣಗಾಳಿ ನಿಮಗೇ ಗೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ನೀರನ್ನು 26, 27 ಡಿಗ್ರಿಯಲ್ಲಿ ಇಡಲು ಟ್ಯಾಂಕಿನ ಮೇಲೆ ಫ್ಯಾನ್ ತಿರುಗಿಸುತ್ತೇನೆ. ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಕೊಳ್ಳುವಷ್ಟು ದುಡ್ಡಿಲ್ಲ. ಫ್ಯಾನ್ ತಂಪು ಮಾಡುವುದೇ ನೀರನ್ನು ಆರಿಸಿ. ಆಗ ದಿನಕ್ಕೆ ಮೂರು ಲೀಟರಿನ ಮೇಲೆ ಹೋಗುತ್ತದೆ. ತಿಂಗಳಿಗೆ ನಾನು ಬದಲಿಸುವ ಉಪ್ಪುನೀರು 50 ಲೀಟರ್ ಆದರೆ, ಬೇಸಿಗೆಯಲ್ಲಿ ಸುರಿಯುವ ಸಿಹಿನೀರು 100 ಲೀಟರಿನ ಹತ್ತಿರ. ಅಂದರೆ ಕಡಲಿಂದಲೇ ನೀರು ತರಿಸಿದರೂ ಟ್ಯಾಂಕಿಗೆ ಜಾಸ್ತಿ ಹೋಗುವುದು ಕೋಲಾರದ ನೀರೇ!

ಆ ಕೋಲಾರದ ನೀರು ಎಂಥದ್ದು? ನಮ್ಮ ಬೀದಿಗೆ ಬೋರ್‌ವೆಲ್ ನೀರು, ಇಲ್ಲದಿದ್ದರೆ ಟ್ಯಾಂಕರ್. ಟ್ಯಾಂಕರಿನದೂ ಯಾವುದೋ ಬೋರ್‌ವೆಲ್ಲೇ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಲೀಟರಿಗೆ 1000 ಮಿ.ಗ್ರಾಂ ಸುತ್ತಮುತ್ತ. ಲೆಕ್ಕ ಹಾಕಿ ನೋಡಿ. ಲೀಟರಿಗೆ ಒಂದು ಗ್ರಾಂ ಅಂದರೆ ತಿಂಗಳಿಗೆ 100 ಲೀಟರಿನಲ್ಲಿ 100 ಗ್ರಾಂ ಲವಣ ಟ್ಯಾಂಕಿಗೆ ಸೇರುತ್ತದೆ. ಅದು ಸಮುದ್ರದ ಲವಣವಲ್ಲ. ಸುಣ್ಣ, ಸಿಲಿಕೇಟ್, ಫ್ಲೋರೈಡ್, ಜತೆಗೆ ಎಷ್ಟೋ ಕಡೆ ನೈಟ್ರೇಟ್. ಕುಡಿಯುವ ನೀರಿನಲ್ಲೇ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂವರೆಗೆ ಇರಬಹುದು ಅಂತ ನಿಯಮ ಇದೆ. ಮನುಷ್ಯನಿಗೆ ನಡೆಯುವ ಆ ನೀರು ಟ್ಯಾಂಕಿನಲ್ಲಿ ಪಾಚಿಗೆ ಗೊಬ್ಬರ. ಸಿಲಿಕೇಟ್ ಇದ್ದರೆ ಮರಳು, ಗಾಜು ಎಲ್ಲಾ ಕಂದು ಬಣ್ಣಕ್ಕೆ ತಿರುಗುತ್ತದೆ.

ನಾಣ್ಯ ಹಾಕಿದರೆ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಇದೆಯಲ್ಲ, ಅದರ ನೀರು ಸಾಲದಾ ಅಂತ ಕೇಳಬಹುದು. ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ಆದರೆ ಕುಡಿಯುವವರಿಗೆ ರುಚಿ ಇರಲಿ ಅಂತ ಒಂದಿಷ್ಟು ಲವಣ ಉಳಿಸಿರುತ್ತಾರೆ. ಸೋಸುವ ಪೊರೆ ಹಳತಾದ ಘಟಕದಲ್ಲಿ ಇವತ್ತು ಟಿಡಿಎಸ್ 60 ಇದ್ದದ್ದು ಮುಂದಿನ ತಿಂಗಳು 150 ಆಗಿರುತ್ತದೆ. ಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ. ನಾನು ಮನೆಯಲ್ಲೇ ಸಣ್ಣ ಆರ್‌ಓ ಹಾಕಿ, ಅದರ ಕೊನೆಗೆ ಉಳಿದ ಲವಣ ಹೀರುವ ಡಿಐ ರೆಸಿನ್ ಹರಳಿನ ಡಬ್ಬಿ ಜೋಡಿಸಿದ್ದೇನೆ. ಆರ್‌ಓ ಬಿಟ್ಟದ್ದನ್ನು ರೆಸಿನ್ ಹಿಡಿಯುತ್ತದೆ. ಮೀಟರಿನಲ್ಲಿ 0 ಬರುತ್ತದೆ. ರೆಸಿನ್ ಬಣ್ಣ ಬದಲಾಗುತ್ತಾ ಬಂದರೆ ಹೊಸದು ಹಾಕುವ ಹೊತ್ತಾಯಿತು ಅಂತ ಅರ್ಥ.

ಆರ್‌ಓ ವಿಷಯದಲ್ಲಿ ಮನಸ್ಸು ಚುಚ್ಚುವ ಸಂಗತಿಯೂ ಇದೆ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ನಮ್ಮಂಥ ಊರಲ್ಲಿ ಅದನ್ನು ಮೋರಿಗೆ ಬಿಡಲು ಕೈ ಬರುವುದಿಲ್ಲ. "ಜನಕ್ಕೇ ನೀರಿಲ್ಲ, ನಿನ್ನ ಮೀನಿಗೆ ಇಷ್ಟೊಂದು ಸೇವೆನಾ?" ಅಂತ ಅಮ್ಮ ಕೇಳಿದ್ದೂ ಆಯಿತು. ಈಗ ಆ ನೀರೆಲ್ಲ ಬಚ್ಚಲ ಡ್ರಮ್ಮಿಗೆ ಹೋಗುತ್ತದೆ. ನೆಲ ಒರೆಸಲು, ಕಕ್ಕಸಿಗೆ, ಗಾಡಿ ತೊಳೆಯಲು ಅದೇ.

ಮನೆಯಲ್ಲಿ 0 ಟಿಡಿಎಸ್ ನೀರು ಬಂದ ಮೇಲೆ ಕಡಲ ನೀರು ತರಿಸುವುದಕ್ಕೆ ಅರ್ಥವೇ ಉಳಿಯಲಿಲ್ಲ. ಕಷ್ಟದ ಅರ್ಧ ಆಗಲೇ ಮುಗಿದಿತ್ತು, ಇನ್ನು ಉಪ್ಪು ಬೆರೆಸಿದರೆ ಆಯಿತು. ಆದರೆ ಯಾವ ಉಪ್ಪು?

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ, ಕಲ್ಲುಪ್ಪೂ ನಡೆಯುವುದಿಲ್ಲ. "ಕಲ್ಲುಪ್ಪು ಅಂದರೆ ಸಮುದ್ರದ ನೀರು ಒಣಗಿಸಿದ್ದೇ ತಾನೆ, ವಾಪಸ್ ನೀರಿಗೆ ಹಾಕಿದರೆ ಸಮುದ್ರ ಆಗಲ್ವಾ?" ಅಂತ ನನ್ನ ಭಾವನೇ ವಾದ ಮಾಡಿದ್ದರು. ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಇಂಗುತ್ತಾ ಹೋದಂತೆ ಮೊದಲು ಸುಣ್ಣದ ಅಂಶ, ಜಿಪ್ಸಂ ಕೆಳಗೆ ಕೂರುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ, ಪೊಟ್ಯಾಷಿಯಂ ಉಳಿದ ಕಹಿನೀರಿನಲ್ಲೇ ಇರುತ್ತವೆ. ಆ ನೀರನ್ನು ಬೇರೆ ಹರಿಸಿಬಿಡುತ್ತಾರೆ. ನಮ್ಮ ಮನೆಗೆ ಬರುವುದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಮೀನಿಗೆ ಬೇಕಾದ ನೀರಿನಲ್ಲಿ ಲೀಟರಿಗೆ ಸುಮಾರು 1300 ಮಿ.ಗ್ರಾಂ ಮೆಗ್ನೀಷಿಯಂ, 400ರ ಮೇಲೆ ಕ್ಯಾಲ್ಸಿಯಂ, ಅಷ್ಟೇ ಹತ್ತಿರ ಪೊಟ್ಯಾಷಿಯಂ ಇರಬೇಕು. ಅಕ್ವೇರಿಯಂ ಉಪ್ಪಿನ ಚೀಲದಲ್ಲಿ ಇವನ್ನೆಲ್ಲ ಅಳತೆ ಪ್ರಕಾರ ಸೇರಿಸಿರುತ್ತಾರೆ.

ಹೀಗೆ ಅಳೆದು ಬೆರೆಸಲು ಆಗುವುದೇ ಸಮುದ್ರದ ಒಂದು ಗುಣದಿಂದ. ಉಪ್ಪಿನ ಪ್ರಮಾಣ ಜಾಗದಿಂದ ಜಾಗಕ್ಕೆ ಹೆಚ್ಚುಕಡಿಮೆ ಆದರೂ ಮುಖ್ಯ ಲವಣಗಳು ಒಂದಕ್ಕೊಂದು ಇರುವ ಪಾಲು ಎಲ್ಲಾ ಕಡೆ ಒಂದೇ. 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಪರೀಕ್ಷಿಸಿ 1884ರಲ್ಲಿ ಇದನ್ನು ಖಚಿತ ಮಾಡಿದರು. ನಮ್ಮ ಡ್ರೈವರ್ ಹೇಳಿದ್ದು ಅರ್ಧ ನಿಜವೇ, ಬಂದರಿನ ಕೊಳಚೆ ಬಿಟ್ಟರೆ! ಕೈಯಲ್ಲಿ ಕಲಸುವುದೂ ಹೊಸದಲ್ಲ. ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ 1850ರ ದಶಕದಲ್ಲೇ ನಾಲ್ಕು ಲವಣ ಬೆರೆಸಿ ಲಂಡನ್ನಿನಲ್ಲಿ ಕಡಲ ಜೀವಿಗಳನ್ನು ಸಾಕಿದ್ದರು.

ನಾನು ಕಲಸುವ ಬಗೆ ಹೀಗೆ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಹೊಯ್ದರೆ ಒಂದೇ ಕಡೆ ಗಾಢವಾಗಿ ಕ್ಯಾಲ್ಸಿಯಂ ಬಿಳಿ ಸುಣ್ಣವಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಲೀಟರಿಗೆ 36 ಗ್ರಾಂ ಲೆಕ್ಕ. ಉಪ್ಪಿನಲ್ಲೇ ಸ್ವಲ್ಪ ತೇವ ಇರುವುದರಿಂದ 35 ಸಾಲುವುದಿಲ್ಲ. ಪವರ್‌ಹೆಡ್ (ನೀರು ತಿರುಗಿಸುವ ಸಣ್ಣ ಪಂಪ್) ಬಿಟ್ಟು ರಾತ್ರಿಯಿಡೀ ತಿರುಗಿಸಿ, ಬೆಳಗ್ಗೆ ಅಳೆಯುತ್ತೇನೆ. ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. ಸಮುದ್ರದಷ್ಟೇ ಉಪ್ಪಿರುವ 35ರ ದ್ರಾವಣ ಅಂತ ಸಣ್ಣ ಬಾಟಲಿ ಸಿಗುತ್ತದೆ, ಅದರಲ್ಲೇ ಹೊಂದಿಸಿ. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಟ್ಯಾಂಕಿನ ನೀರಿನಷ್ಟೇ ಬಿಸಿ, ಅಷ್ಟೇ ಉಪ್ಪು ಆದ ಮೇಲೆ 25 ಲೀಟರ್ ತೆಗೆದು 25 ಲೀಟರ್ ಹಾಕುವುದು.

20 ಕೆ.ಜಿ. ಚೀಲ 550 ಲೀಟರಿಗೆ ಬರುತ್ತದೆ. ಸಾಗಿಸುವಾಗ ಅಲುಗಾಡಿ ಸಣ್ಣ ಪುಡಿ ತಳ ಸೇರಿರುತ್ತದೆ. ಅದಕ್ಕೇ ಬಿಚ್ಚುವ ಮೊದಲು ಚೀಲವನ್ನು ನೆಲದ ಮೇಲೆ ಉರುಳಿಸಿ. ಬಿಚ್ಚಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿಸಿ. ಮಳೆಗಾಲದಲ್ಲಿ ಬಿಚ್ಚಿಟ್ಟರೆ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗುತ್ತದೆ.

ಮಂಗಳೂರು, ಉಡುಪಿ, ಕಾರವಾರದವರು ಕೇಳಿದರೆ ನಾನು ಕಡಲ ನೀರನ್ನೇ ಬಳಸಿ ಅನ್ನುತ್ತೇನೆ. ಅಷ್ಟು ಹತ್ತಿರ ಇಟ್ಟುಕೊಂಡು ಚೀಲಕ್ಕೆ ದುಡ್ಡು ಯಾಕೆ? ಮುಂಗಾರಿನ ತಿಂಗಳಲ್ಲಿ ಮಾತ್ರ ಬೇಡ. ನೇತ್ರಾವತಿ, ಗುರುಪುರದಂಥ ನದಿಗಳು ಮಣ್ಣುನೀರು ತಂದು ದಂಡೆಯ ಕಡಲನ್ನು ಸಪ್ಪೆ ಮಾಡಿರುತ್ತವೆ. ಬೇಸಿಗೆಯಲ್ಲೇ ತುಂಬಿಸಿಟ್ಟುಕೊಳ್ಳಿ. ಅವರೂ ಆರಿದ ಜಾಗಕ್ಕೆ ಸುರಿಯುವ ನೀರನ್ನು ಮೀಟರಿನಲ್ಲಿ ನೋಡಿಯೇ ಸುರಿಯಬೇಕು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ಶುರು ಮಾಡುವವರು ದುಡ್ಡನ್ನು ಮೊದಲು ಆರ್‌ಓ, ರೆಸಿನ್, ಟಿಡಿಎಸ್ ಮೀಟರಿಗೆ ಹಾಕಿ. ಉಪ್ಪಿನ ಕಂಪನಿ ಯಾವುದು ಅಂತ ಆಮೇಲೆ ತಲೆ ಕೆಡಿಸಿಕೊಳ್ಳಬಹುದು. ಬರೀ ಮೀನು ಸಾಕುವವರಿಗೆ 1.022 ಇದ್ದರೂ ನಡೆಯುತ್ತದೆ, ಉಪ್ಪೂ ಉಳಿಯುತ್ತದೆ. ಕಲಸಿದ ನೀರು ಒಂದು ಡ್ರಮ್ ಯಾವಾಗಲೂ ಸಿದ್ಧವಾಗಿರಲಿ. ತೆಗೆದ ಹಳೇ ನೀರನ್ನು ತೆಂಗಿನ ಬುಡಕ್ಕೋ ಹೂವಿನ ಕುಂಡಕ್ಕೋ ಹಾಕಬೇಡಿ, ಮಣ್ಣು ಹಾಳು. ಚರಂಡಿಗೆ ಬಿಟ್ಟು, ಆರ್‌ಓ ಬಿಟ್ಟ ನೀರನ್ನೇ ಎರಡು ಬಕೆಟ್ ಅದರ ಹಿಂದೆ ಸುರಿಯಿರಿ.