ಎದೆ ಹಿಡಿದುಕೊಂಡಾಗ ‘ಗ್ಯಾಸ್’ ಎಂದು ಕೂರುವ ಮೊದಲು

ಊಟವಾದ ಮೇಲೆ ಎದೆ ಹಿಡಿದುಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವುದು ಓಮದ ಕಷಾಯ, ಆಮೇಲೆ ಸೋಡಾ, ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಮಾತ್ರೆ. ಆಸ್ಪತ್ರೆಯ ಮಾತು ಏಳುವಷ್ಟರಲ್ಲಿ ನಡುರಾತ್ರಿ. ಗ್ಯಾಸೋ ಹೃದಯವೋ ಎಂದು ತೀರ್ಮಾನಿಸುವುದು ಮನೆಯವರ ಕೆಲಸವೇ ಅಲ್ಲ, ಅದಕ್ಕೆ ಇಸಿಜಿ ಇದೆ. ಹೊರಡಬೇಕೇ ಬೇಡವೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ನೋವು ಹೇಗಿದೆ ಎಂದು ಕೇಳಿ. ಎದೆಯ ನಡುವೆ ಅಂಗೈಯಿಟ್ಟು ‘ಹಿಂಡಿದಂತಾಗುತ್ತಿದೆ, ಭಾರ ಹೇರಿದಂತಿದೆ’ ಎಂದರೆ ಎಚ್ಚರ. ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡಿದರೆ, ತಣ್ಣನೆಯ ಬೆವರು ಕಿತ್ತುಬಂದರೆ, ಉಸಿರು ಕಟ್ಟಿದರೆ ತಡ ಮಾಡದೆ ಹೊರಡಿ. ಇವು ಯಾವುವೂ ಇಲ್ಲದೆ, ಸುಮ್ಮನೆ ಕುಳಿತರೂ ಕೆಲವೇ ನಿಮಿಷಗಳಲ್ಲಿ ಭಾರ ಇಳಿಯದಿದ್ದರೂ ಹೊರಡಿ. ತೇಗು ಬಂತೆಂದು ಸಮಾಧಾನಪಡಬೇಡಿ. ಹೃದಯಾಘಾತದಲ್ಲೂ ತೇಗು, ವಾಕರಿಕೆ ಬರುವುದುಂಟು.

ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರ ವಿಷಯದಲ್ಲಿ ಇನ್ನಷ್ಟು ಹುಷಾರು. ಇವರಲ್ಲಿ ಎದೆನೋವೇ ಇಲ್ಲದಿರಬಹುದು. ನಾಲ್ಕು ಮೆಟ್ಟಿಲು ಹತ್ತಿದ ಅಮ್ಮ ಅಲ್ಲೇ ಕುಸಿದು ಕುಳಿತು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ‘ಏನಿಲ್ಲ, ಸ್ವಲ್ಪ ಸುಸ್ತು’ ಎಂದರೆ ಆ ‘ಏನಿಲ್ಲ’ವನ್ನು ನಂಬಬೇಡಿ.

ಹೊರಡುವುದೆಂದರೆ 108ಕ್ಕೆ ಕರೆ ಮಾಡುವುದು. ಇಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಒಯ್ಯುವ ಸಾಹಸ ಬೇಡ. ರೋಗಿಯೇ ಕಾರು ಓಡಿಸುವುದಂತೂ ಬೇಡವೇ ಬೇಡ. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಡುವ, ನಾಲಿಗೆಯ ಕೆಳಗಿಡುವ ಮಾತ್ರೆಯೂ ಬೇಡ. ಬಿಪಿ ದಿಢೀರನೆ ಕುಸಿದೀತು.

ಯಾವ ಆಸ್ಪತ್ರೆ? ಯಾವ ಹೊತ್ತಿನಲ್ಲೂ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ಅದರಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ 12 ಗಂಟೆಗಳೊಳಗೆ ಕೊಡುವ ಮದ್ದು ಅದು. ಮೊದಲ ಎರಡು–ಮೂರು ಗಂಟೆಗಳಲ್ಲಿ ಕೊಟ್ಟರೆ ಗುಣ ಹೆಚ್ಚು. ಸೋಡಾ ಕುಡಿದು ಕಾಯುವಾಗ ಕರಗುವುದು ಈ ಗಂಟೆಗಳೇ.

ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿಯ ಸಾಲಿನಲ್ಲಿ ನಿಲ್ಲಬೇಡಿ. ಎದುರು ಸಿಕ್ಕ ನರ್ಸಿಗೆ ‘ಎದೆನೋವು’ ಎಂದು ಹೇಳಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದು ಸರಿಯಾಗಿದೆ ಎಂದ ಕೂಡಲೇ ಮನೆಗೆ ಹೊರಡಬೇಡಿ. ಮೊದಲ ಇಸಿಜಿಯಲ್ಲಿ ಕಾಣದ್ದು ಸ್ವಲ್ಪ ಹೊತ್ತಿನ ಬಳಿಕ ತೆಗೆದ ಇಸಿಜಿಯಲ್ಲೋ ಹೃದಯದ ಸ್ನಾಯುವಿಗಾದ ಹಾನಿ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯಲ್ಲೋ ಸಿಕ್ಕಿಬೀಳುವುದುಂಟು.